ಅತ್ತೆಯ ಅರ್ಧ ಗಂಟೆ

ಬಸ್ ನಿಲ್ದಾಣದ ಮೂರನೇ ನಂಬರಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಟಿಕೆಟ್ ಬುಕ್ ಮಾಡಿಕೊಟ್ಟವಳಿಗೆ ಮನುಷ್ಯರ ಬಗ್ಗೆ ಒಂದು ಅಭಿಪ್ರಾಯ ಬಲಿತುಬಿಟ್ಟಿತ್ತು: ಯಾರಿಗೂ ನಿಜವಾದ ಸಮಯ ಹೇಳಬಾರದು. ಏಳಕ್ಕೆ ಬಸ್ ಎಂದರೆ ಜನ ಏಳಕ್ಕೆ ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ. ಕೌಂಟರಿಗೆ ಬಂದವರಿಗೆ ಸುಳ್ಳು ಹೇಳುವ ಹಾಗಿರಲಿಲ್ಲ, ಟಿಕೆಟ್ಟಿನ ಮೇಲೇ ಅಚ್ಚಾಗಿರುತ್ತಿತ್ತು. ಮನೆಯವರಿಗೆ ಮಾತ್ರ ಅವಳು ಧಾರಾಳವಾಗಿ ಅರ್ಧ ಗಂಟೆ ಮೊದಲಿನ ಸಮಯ ಹೇಳುತ್ತಿದ್ದಳು.

ಕುಟುಂಬದಲ್ಲಿ ಅವಳಿಗೆ ಟೈಮ್‌ಟೇಬಲ್ ಅತ್ತೆ ಎಂದು ಹೆಸರು. ಹೆಸರಿಟ್ಟವನು ಅವಳ ತಮ್ಮನ ಮಗ. ಅವಳ ಗುಟ್ಟು ರಟ್ಟು ಮಾಡಿದವನೂ ಅವನೇ. ಹತ್ತು ವರ್ಷದವನಿದ್ದಾಗ ಎಲ್ಲರೂ ಒಂದು ಮದುವೆಗೆ ಹೊರಟಿದ್ದರು. ಕಿಟಕಿ ಪಕ್ಕದ ಸೀಟು ಯಾರಿಗೆ ಬಂದಿದೆ ಎಂದು ನೋಡಲು ಹುಡುಗ ಅತ್ತೆಯ ಚೀಲದಿಂದ ಟಿಕೆಟ್ ಎಳೆದ. "ಅತ್ತೆ ಆರು ಗಂಟೆ ಅಂದ್ಳು, ಇದರಲ್ಲಿ ಆರೂವರೆ ಅಂತಿದೆ!" ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅತ್ತೆಯ ಮುಖ ಕೆಂಪಾಯಿತು.

ಅಂದಿನಿಂದ ಅವಳು ಆರು ಎಂದರೆ ಮನೆಯವರು ಆರೂವರೆ ಎಂದು ಕೇಳಿಸಿಕೊಳ್ಳತೊಡಗಿದರು. ಅವರು ಕೂಡಿಸಿಕೊಳ್ಳುತ್ತಾರೆಂದು ಅವಳಿಗೂ ಗೊತ್ತಾಯಿತು. ಅವಳೇನೂ ತನ್ನ ಚಾಳಿ ಬಿಡಲಿಲ್ಲ, ಅವರೂ ತಮ್ಮದನ್ನು ಬಿಡಲಿಲ್ಲ. ಅವಳು ಕಳೆಯುತ್ತಿದ್ದಳು, ಅವರು ಕೂಡುತ್ತಿದ್ದರು, ಉತ್ತರ ಮಾತ್ರ ಸರಿಯಾಗಿ ಬರುತ್ತಿತ್ತು. ಹದಿನಾರು ವರ್ಷದಲ್ಲಿ ಆ ಮನೆಯ ಒಬ್ಬರಿಗೂ ಬಸ್ ತಪ್ಪಿರಲಿಲ್ಲ.

ಅವಳಿಗೆ ಮದುವೆಯಾಗಿರಲಿಲ್ಲ. ತಮ್ಮನ ಮನೆಯ ಎದುರು ಸಾಲಿನಲ್ಲೇ ಎರಡು ಕೋಣೆಯ ಮನೆ ಮಾಡಿಕೊಂಡಿದ್ದಳು. ಹುಡುಗ ಶಾಲೆ ಬಿಟ್ಟ ಮೇಲೆ ನೇರ ಅವಳ ಕೌಂಟರಿಗೆ ಬಂದು, ಅವಳ ಸ್ಟೂಲಿನ ಹಿಂದೆ ಕೂತು, ಹರಿದ ಟಿಕೆಟ್ಟುಗಳ ಹಿಂಬದಿಯಲ್ಲಿ ಲಾರಿಗಳ ಚಿತ್ರ ಬರೆಯುತ್ತಿದ್ದ. ಏಳು ವರ್ಷದವನಿದ್ದಾಗ ಅಲ್ಲಿಗೇ ಓಡಿ ಬರುವಾಗ ನಿಲ್ದಾಣದ ಮೆಟ್ಟಿಲ ಮೇಲೆ ಮುಗ್ಗರಿಸಿ ಮುಂದಿನ ಹಲ್ಲಿನ ಚೂರು ಮುರಿದುಕೊಂಡ. "ನಿಮ್ಮ ಕೈಗೆ ಒಪ್ಪಿಸಿದ್ರೆ ಹೀಗೇನಾ ಅತ್ತಿಗೆ, ನೋಡ್ಕೊಳ್ಳೋದು?" ಎಂದು ಹುಡುಗನ ತಾಯಿ ಮೂರು ದಿನ ಅವಳ ಜೊತೆ ಮಾತು ಬಿಟ್ಟಿದ್ದಳು. ನಾಲ್ಕನೇ ದಿನ ತಾನಾಗಿಯೇ ಬಂದು ಒಗೆದ ಬಟ್ಟೆ ಮಡಚಿಕೊಡುತ್ತ ಕೂತಳು.

ಬೆಳೆದು ಸೈನ್ಯಕ್ಕೆ ಸೇರಿದಾಗ ಅವನ ಮೊದಲ ಟಿಕೆಟ್ ಬುಕ್ ಮಾಡಿದವಳು ಅತ್ತೆಯೇ, ಕಿಟಕಿ ಪಕ್ಕದ ಸೀಟು. ಮೊದಲ ರಜೆಯಲ್ಲಿ ಬಂದವನು, "ಅಲ್ಲಿ ಒಂಬತ್ತು ಅಂದ್ರೆ ಒಂಬತ್ತೇ ಅತ್ತೆ. ನಿನ್ನ ಕಳ್ಳಾಟ ಸೈನ್ಯದಲ್ಲಿ ನಡೆಯಲ್ಲ," ಎಂದು ರೇಗಿಸಿದ್ದ. ಅವಳು ಅವನ ಕಿವಿ ಹಿಂಡಿದ್ದಳು. ಆಗಲೇ ಅವಳ ಕೈಗೆ ಎಟುಕದಷ್ಟು ಎತ್ತರವಾಗಿದ್ದ, ಪಾಪ, ಹಿಂಡಲೆಂದು ತಾನೇ ಬಗ್ಗಿದ್ದ.

ಸೈನ್ಯದಿಂದ ಫೋನ್ ಬಂದದ್ದು ಭಾನುವಾರ ಬೆಳಿಗ್ಗೆ. ಬೆಟ್ಟದ ದಾರಿಯಲ್ಲಿ ಸೇನೆಯ ಲಾರಿ ಉರುಳಿ ಮೂವರು ಹೋಗಿದ್ದರು, ಅವರಲ್ಲಿ ಇವನೊಬ್ಬ. ಹುಡುಗನ ತಂದೆ ಅಷ್ಟು ಕೇಳಿಸಿಕೊಂಡು, ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿ ಬಂದು, "ಅಕ್ಕ, ನೀನೇ ಮಾತಾಡು," ಎಂದ. ಅವಳು ಮಾತಾಡಿದಳು. ದೇಹಗಳನ್ನು ಕಣಿವೆಯಿಂದ ಮೇಲೆ ತರಲು ದಿನಗಳೇ ಹಿಡಿಯಬಹುದು ಎಂದರು. ಅಷ್ಟು ತಡವಾದ ಮೇಲೆ ಊರೂರಿಗೆ ಕಳಿಸುವಂತಿಲ್ಲ, ಗುರುವಾರ, ಮೂವರಿಗೂ ಒಟ್ಟಿಗೆ, ಪಡೆಯ ನೆಲೆಯಿರುವ ಊರಿನಲ್ಲಿಯೇ ಸಕಲ ಸೇನಾ ಮರ್ಯಾದೆಯ ಅಂತ್ಯಕ್ರಿಯೆ ಎಂದರು.

ಹುಡುಗನ ತಾಯಿ ಅಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು. "ಮುಖ ತೋರಿಸ್ತಾರಾ ಅತ್ತಿಗೆ?"

"ತೋರಿಸ್ತಾರೆ. ಅದು ನನ್ನ ಜವಾಬ್ದಾರಿ," ಎಂದಳು ಅತ್ತೆ.

ಆ ಮಾತು ಕೊಟ್ಟ ಮೇಲೆ ಅವಳಿಗೆ ಅಳಲು ಪುರಸೊತ್ತಾಗಲಿಲ್ಲ, ಅದೇ ಒಳ್ಳೆಯದೂ ಆಯಿತು. ಗೆರೆ ಹಾಕಿದ ನೋಟ್‌ಬುಕ್ ತೆಗೆದು ಕೂತಳು. ಹೋಗುವವರು ಹನ್ನೊಂದು ಜನ. ಪಡೆಯ ಊರಿಗೆ ಹತ್ತು ಗಂಟೆಯ ದಾರಿ, ಬುಧವಾರ ಬೆಳಿಗ್ಗೆಯ ಬಸ್ಸಿನಲ್ಲಿ ಹನ್ನೊಂದು ಸೀಟು. ಚಿಕ್ಕಪ್ಪನಿಗೆ ಮಂಡಿನೋವು, ಮುಂದಿನ ಸೀಟು. ತಮ್ಮನ ಹೆಂಡತಿಯ ಅಣ್ಣನ ಗೊರಕೆಗೆ ಗೋಡೆಯೇ ಅದುರುತ್ತದೆ, ಅವನಿಗೆ ಮೂಲೆಯ ರೂಮು. ಚಿಕ್ಕಮ್ಮನನ್ನೂ ಆ ಅಣ್ಣನ ಹೆಂಡತಿಯನ್ನೂ ಒಂದೇ ರೂಮಿಗೆ ಹಾಕಿದರೆ ಬೆಳಗಾಗುವುದರೊಳಗೆ ಹಳೆಯ ಜಗಳವೆಲ್ಲ ಎದ್ದು ಕೂರುತ್ತದೆ, ಆದ್ದರಿಂದ ಬೇರೆ ಬೇರೆ. ಮೂರು ಮನೆಗಳ ಬಂಧುಗಳು ಒಂದೇ ಊರಿಗೆ ಬರುತ್ತಿದ್ದುದರಿಂದ ಲಾಡ್ಜುಗಳು ತುಂಬಿದ್ದವು. ಹದಿನಾರು ಕಡೆ ಫೋನ್ ಮಾಡಿ, ಕೊನೆಗೆ ಹೊಳೆಯ ಈಚೆ ದಡದಲ್ಲಿ, ಪೇಂಟ್ ಅಂಗಡಿಯ ಮೇಲಿನ ಲಾಡ್ಜಿನಲ್ಲಿ ಐದು ರೂಮು ಹಿಡಿದಳು. ಅಲ್ಲಿಂದ ಪಡೆಯ ನೆಲೆಗೆ ಅರ್ಧ ಗಂಟೆ. ಹೋಗಿ ಬರಲು ಒಂದು ಬಾಡಿಗೆ ವ್ಯಾನ್.

ಅಂತ್ಯಕ್ರಿಯೆಯ ಉಸ್ತುವಾರಿ ವಹಿಸಿದ್ದ ಸೇನಾಧಿಕಾರಿ ಒಳ್ಳೆಯ ಮನುಷ್ಯ. "ತಂದೆ ತಾಯಿಗೆ ನಮ್ಮ ಅತಿಥಿಗೃಹದಲ್ಲೇ ಒಂದು ರೂಮು ಇದೆ, ಕರ್ಕೊಂಡು ಬರೋಕೆ ಜೀಪೂ ಕಳಿಸ್ತೀವಿ," ಎಂದಿದ್ದ.

"ಬೇಡ ಸರ್. ನಮ್ಮ ಮನೆಯವರು ಒಟ್ಟಿಗೇ ಇರ್ತಾರೆ. ವ್ಯವಸ್ಥೆಯೆಲ್ಲ ನಾನು ಮಾಡಿದೀನಿ," ಎಂದಿದ್ದಳು ಅತ್ತೆ. ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಮೂವತ್ತೊಂದು ವರ್ಷದ ಹೆಮ್ಮೆ, ಅಷ್ಟು ಸುಲಭವಾಗಿ ಎಲ್ಲಿ ಹೋಗುತ್ತದೆ?

ಬುಧವಾರ ಸಂಜೆ ಲಾಡ್ಜಿಗೆ ತಲುಪಿದಾಗ ಮ್ಯಾನೇಜರ್ ದೊಡ್ಡ ರಿಜಿಸ್ಟರ್ ಮುಂದೆ ಸರಿಸಿದ. ಹೆಸರು, ವಯಸ್ಸು, ಎಲ್ಲಿಂದ ಬಂದದ್ದು. ಕೊನೆಯ ಕಾಲಮಿನಲ್ಲಿ 'ಬಂದ ಉದ್ದೇಶ' ಎಂದಿತ್ತು. ಮೇಲಿನ ಸಾಲುಗಳಲ್ಲಿ ವ್ಯಾಪಾರ, ಮದುವೆ, ಪ್ರವಾಸ, ಮತ್ತೆ ವ್ಯಾಪಾರ. ಅತ್ತೆಯ ಪೆನ್ನು ಅಲ್ಲಿ ನಿಂತಿತು. ಆಮೇಲೆ ದುಂಡಗೆ, 'ಮಗನನ್ನು ನೋಡಲು' ಎಂದು ಬರೆದು, ಕೆಳಗಿನ ಹತ್ತು ಸಾಲಿಗೂ ಅದೇ ಎಂಬ ಗುರುತು ಹಾಕಿದಳು.

ಎಲ್ಲರನ್ನೂ ತಮ್ಮನ ರೂಮಿನಲ್ಲಿ ಸೇರಿಸಿದಳು. ಕೆಳಗಿನಿಂದ ಪೇಂಟಿನ ವಾಸನೆ ಬರುತ್ತಿತ್ತು. ಅಧಿಕಾರಿ ಸಮಯಗಳನ್ನು ಸ್ಪಷ್ಟವಾಗಿ ಹೇಳಿದ್ದ: ಒಂಬತ್ತಕ್ಕೆ ಸಭಾಂಗಣದಲ್ಲಿ ಪೆಟ್ಟಿಗೆ ತೆರೆದಿಡುತ್ತಾರೆ, ಒಂಬತ್ತೂವರೆಗೆ ಮುಚ್ಚುತ್ತಾರೆ. ಪೆಟ್ಟಿಗೆಯೊಳಗಿನ ತಗಡಿನ ಮುಚ್ಚಳಕ್ಕೆ ಬೆಸುಗೆ ಹಾಕಿದ ಮೇಲೆ ತೆರೆಯುವಂತಿಲ್ಲ, ಅದು ಡಾಕ್ಟರ ಆಜ್ಞೆ. ಹತ್ತಕ್ಕೆ ಮೈದಾನಕ್ಕೆ ಮೆರವಣಿಗೆ. ಹಾಗಾದರೆ ವ್ಯಾನ್ ಎಂಟೂವರೆಗೆ ಹೊರಡಬೇಕು. ಎಂದಿನ ಅಭ್ಯಾಸದಂತೆ 'ಎಂಟು' ಎನ್ನಲು ಅವಳು ಬಾಯಿ ತೆರೆದಳು.

ಅಲ್ಲಿ ಒಂಬತ್ತು ಅಂದ್ರೆ ಒಂಬತ್ತೇ ಅತ್ತೆ, ಎಂದು ಹುಡುಗ ಬಗ್ಗಿ ನಿಂತು ನಕ್ಕದ್ದು ಕಣ್ಣಿಗೆ ಕಟ್ಟಿತು. ಅವನ ಕೊನೆಯ ಕೆಲಸದಲ್ಲೂ ಕಳ್ಳಾಟವೇ ಎಂದುಕೊಂಡಳು.

"ಎಂಟೂವರೆಗೆ ವ್ಯಾನ್ ಹೊರಡುತ್ತೆ," ಎಂದಳು. "ನಾನು ಆರೂವರೆಗೇ ಸೈನ್ಯದವರು ಕಳಿಸೋ ಜೀಪಲ್ಲಿ ಹೋಗ್ತೀನಿ. ಕಾಗದಪತ್ರಕ್ಕೆ ಸಹಿ ಹಾಕೋದಿದೆ."

ಎಲ್ಲರೂ ತಲೆಯಾಡಿಸಿದರು. ಇದು ನಿಜವಾದ ಸಮಯ ಎಂದು ಇನ್ನೊಂದು ಮಾತು ಸೇರಿಸಿದ್ದರೆ ಸಾಕಿತ್ತು. ಆದರೆ ಅವರೆಲ್ಲ ಇಷ್ಟು ವರ್ಷ ಯಾವುದನ್ನು ಕೂಡಿಸಿಕೊಂಡು ಬಂದಿದ್ದರೋ ಅದನ್ನು ಯಾರೂ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ನೆಲೆಯ ಗೇಟಿನಲ್ಲಿ ಅವಳ ಫೋನ್ ಇಸಿದುಕೊಂಡು ಚೀಟಿ ಕೊಟ್ಟರು. ಏಳು ಕಡೆ ಸಹಿ ಹಾಕಿದಳು. ಅವನ ವಾಚು, ಪರ್ಸು, ಒಂದು ಬಾಚಣಿಗೆ ಇದ್ದ ಪೊಟ್ಟಣ ತೆಗೆದುಕೊಂಡಳು. ಒಂಬತ್ತಕ್ಕೆ ಸರಿಯಾಗಿ ಸಭಾಂಗಣದ ಬಾಗಿಲು ತೆರೆಯಿತು. ಮೂರು ಪೆಟ್ಟಿಗೆಗಳಿದ್ದವು. ಎರಡರ ಸುತ್ತ ಅವರವರ ಮನೆಯವರು ನೆರೆದು ಗೋಳಾಡತೊಡಗಿದರು. ಮೂರನೆಯದರ ಬಳಿ ಅತ್ತೆ ಒಬ್ಬಳೇ ನಿಂತಳು.

ಒಂಬತ್ತೂ ಐದು. ವ್ಯಾನು ಸೇತುವೆ ಮೇಲಿರಬೇಕು ಎಂದುಕೊಂಡಳು. ಒಂಬತ್ತೂ ಹತ್ತು. ಚಿಕ್ಕಪ್ಪನ ಮಂಡಿ, ಇಳಿಯಲು ತಡವಾಗಿರಬೇಕು. ಒಂಬತ್ತೂ ಕಾಲಿಗೆ ಅವಳಿಗೆ ಹೊಳೆಯಿತು. ಅವರು ಕೂಡಿಸಿಕೊಂಡಿದ್ದಾರೆ. ಎಂಟೂವರೆಯನ್ನು ಒಂಬತ್ತು ಮಾಡಿಕೊಂಡಿದ್ದಾರೆ. ಈಗ ತಾನೇ ಲಾಡ್ಜು ಬಿಟ್ಟಿರುತ್ತಾರೆ, ಅದೂ ನಿಧಾನವಾಗಿ.

ಅಧಿಕಾರಿಯ ಬಳಿ ಓಡಿದಳು. "ಸರ್, ತಾಯಿ ಇನ್ನೂ ಬಂದಿಲ್ಲ. ಸ್ವಲ್ಪ ತಡೀರಿ ಸರ್, ನಿಮ್ಮ ಕಾಲಿಗೆ ಬೀಳ್ತೀನಿ." ಅವನು ಡಾಕ್ಟರ ಕಡೆ ನೋಡಿದ. ಡಾಕ್ಟರ್ ಐದು ಬೆರಳು ತೋರಿಸಿದರು. ಆ ಐದು ನಿಮಿಷ ಅವಳು ಬಾಗಿಲನ್ನೂ ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಹುಡುಗನನ್ನು ನೋಡುತ್ತ ನಿಂತಳು. ಯಾರಾದರೊಬ್ಬರು ನೋಡಿರಬೇಕಲ್ಲ. ಒಂಬತ್ತೂ ಮೂವತ್ತೈದಕ್ಕೆ ತಗಡು ಮುಚ್ಚಿದರು. ಬೆಸುಗೆಯ ವಾಸನೆ ಮೂಗಿಗೆ ಹತ್ತಿತು.

ಮೆರವಣಿಗೆಗೆಂದು ರಸ್ತೆ ಬೇರೆ ಮುಚ್ಚಿದ್ದರು. ವ್ಯಾನ್ ಬಂದಾಗ ಹತ್ತಕ್ಕೆ ಇನ್ನು ಹದಿನೈದು ನಿಮಿಷವಿತ್ತು. ತಮ್ಮ ಮೊದಲು ಇಳಿದು ಹೆಂಡತಿಯ ಕೈ ಹಿಡಿದು ಇಳಿಸಿದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. "ಸರಿಯಾಗಿ ಒಂಬತ್ತಕ್ಕೆ ಹೊರಟ್ವಿ ಅಕ್ಕ, ಡ್ರೈವರ್ ಸುಮ್ನೆ ಹಾರ್ನ್ ಮಾಡ್ತಿದ್ದ. ಒಂದು ನಿಮಿಷ ತಡ ಮಾಡಿಲ್ಲ. ಎಲ್ಲಿ ಅವನು?" ಎಂದ.

ಅತ್ತೆಯ ಹಿಂದೆ ಪೆಟ್ಟಿಗೆಯ ಮೇಲೆ ಬಾವುಟ ಹೊದಿಸುತ್ತಿದ್ದರು. ಹುಡುಗನ ತಾಯಿ ಅತ್ತ ನೋಡಿದಳು, ಆಮೇಲೆ ಅತ್ತಿಗೆಯ ಮುಖ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಉಳಿದದ್ದೆಲ್ಲ ನಿಮಿಷ ತಪ್ಪದಂತೆ ನಡೆಯಿತು. ಕಹಳೆ ಊದಿದರು. ಆಕಾಶಕ್ಕೆ ಮೂರು ಸುತ್ತು ಗುಂಡು ಹಾರಿಸಿದರು, ಪ್ರತಿ ಸುತ್ತಿಗೂ ಚಿಕ್ಕಮ್ಮ ಬೆಚ್ಚಿದಳು. ಬಾವುಟವನ್ನು ಮಡಚಿ ತಾಯಿಯ ಕೈಗೆ ಕೊಟ್ಟರು. ಪೆಟ್ಟಿಗೆಯನ್ನು ಮಣ್ಣಿಗಿಳಿಸಿದರು. ಅತ್ತೆ ಎಲ್ಲರಿಗಿಂತ ಹಿಂದೆ ನಿಂತಿದ್ದಳು, ಆ ಮನೆಯವಳೇ ಅಲ್ಲವೆನ್ನುವ ಹಾಗೆ.

ಮಧ್ಯಾಹ್ನ ಲಾಡ್ಜಿಗೆ ಮರಳಿದ ಮೇಲೆ ಅವಳು ತನ್ನ ರೂಮಿನ ಮಂಚದ ಅಂಚಿನಲ್ಲಿ ಕೂತಿದ್ದಳು. ನೋಟ್‌ಬುಕ್ ತೊಡೆಯ ಮೇಲಿತ್ತು, ತೆರೆಯಲು ಮನಸ್ಸಾಗಲಿಲ್ಲ. ಬಾಗಿಲು ಬಡಿಯದೆ ಹುಡುಗನ ತಾಯಿ ಒಳಗೆ ಬಂದಳು. ಮಡಚಿದ ಬಾವುಟವನ್ನು ಇನ್ನೂ ಎದೆಗೊತ್ತಿಕೊಂಡಿದ್ದಳು. ಬಾಗಿಲು ಹಾಕಿ, ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

"ಹೇಗಿದ್ದ?"

"ನಿದ್ದೆ ಮಾಡ್ತಿರೋ ಹಾಗಿದ್ದ ಕಣೆ," ಎಂದಳು ಅತ್ತೆ. "ಮುಖದಲ್ಲಿ ಒಂದು ಗೀರೂ ಇರಲಿಲ್ಲ. ನೆಮ್ಮದಿಯಾಗಿದ್ದ."

ತಾಯಿ ಬಾವುಟವನ್ನು ತೊಡೆಯ ಮೇಲಿಟ್ಟುಕೊಂಡಳು.

"ಇದು ನಿಜವಾದ ಟೈಮಾ ಅತ್ತಿಗೆ, ಅಥವಾ ನಮಗೆ ಹೇಳೋ ಟೈಮಾ?"

ಅತ್ತೆ ತಲೆ ಎತ್ತಲಿಲ್ಲ.

"ಇವತ್ತಿನ ತಪ್ಪನ್ನ ನಾನು ಹೊಟ್ಟೆಗೆ ಹಾಕ್ಕೊಳ್ತೀನೋ ಇಲ್ಲವೋ ನನಗೇ ಗೊತ್ತಿಲ್ಲ," ಎಂದಳು ತಾಯಿ. "ಹಲ್ಲು ಮುರಿದಾಗ ಮೂರು ದಿನ ಮಾತು ಬಿಟ್ಟಿದ್ದೆ. ಇದಕ್ಕೆ ಎಷ್ಟು ದಿನವೋ. ಆದ್ರೆ ನೋಡಿದವರು ನೀವೊಬ್ಬರೇ. ನೋಡಿದ್ದನ್ನ ನೋಡಿದ ಹಾಗೇ ಹೇಳಿ."

ಅತ್ತೆ ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟಳು. ಅಷ್ಟು ದಿನ ತಡೆದ ಅಳು ಆಗ ಬಂತು, ಆದರೂ ಅವಳು ನಿಲ್ಲಿಸದೆ ಹೇಳಿದಳು. ಒಂಬತ್ತು ಗಂಟೆಗೆ ಬಾಗಿಲು ತೆರೆದಾಗ ಯಾವ ಪೆಟ್ಟಿಗೆ ಅವನದೆಂದು ತನಗೆ ಗೊತ್ತಾಗಲಿಲ್ಲ ಎಂದಳು. ಬಲಗೆನ್ನೆಗೆ ಬಿಳಿ ಬಟ್ಟೆ ಸುತ್ತಿದ್ದರು, ಅದರ ಕೆಳಗೇನಿತ್ತೋ ನೋಡಲಿಲ್ಲ ಎಂದಳು. ಬಣ್ಣ ಅವನದಲ್ಲ, ಮೇಣದ ಥರ. ಮೀಸೆ ತೆಗೆದುಬಿಟ್ಟಿದ್ದರು. ಕ್ಷೌರ ಮಾಡಿದವರ ಕೈ ನಡುಗಿರಬೇಕು, ಗಲ್ಲದ ಎಡಗಡೆ ಸಣ್ಣದೊಂದು ಗಾಯ. ತುಟಿ ಕೊಂಚ ತೆರೆದಿತ್ತು.

"ಹಲ್ಲು ಕಾಣ್ತಿತ್ತಾ?"

"ಕಾಣ್ತಿತ್ತು. ಆ ಚೂರು ಮುರಿದದ್ದು. ಅದನ್ನ ನೋಡಿಯೇ ಅವನು ಅಂತ ಗೊತ್ತಾಗಿದ್ದು."

ಆಗ ತಾಯಿ ಬಾವುಟಕ್ಕೆ ಮುಖ ಒತ್ತಿ ಅತ್ತಳು, ಭಾನುವಾರದಿಂದ ಮೊದಲ ಬಾರಿಗೆ. ಅತ್ತೆ ಕಾದಳು. ಮತ್ತೆ ಮುಂದುವರಿಸಿದಳು: ಒಂಬತ್ತೂ ಐದಕ್ಕೆ ಏನು, ಒಂಬತ್ತೂ ಹತ್ತಕ್ಕೆ ಏನು, ಅಂಗಿಯ ಗುಂಡಿಗಳೆಷ್ಟು, ಕೈ ಹೇಗೆ ಇಟ್ಟಿದ್ದರು, ಉಗುರು ಕತ್ತರಿಸಿದ್ದರೇ, ಕೊನೆಯ ಐದು ನಿಮಿಷದಲ್ಲಿ ತಾನು ಅವನ ಕಿವಿ ಮುಟ್ಟಿದ್ದು, ಅದು ಎಷ್ಟು ತಣ್ಣಗಿತ್ತು. ಒಂದು ನಿಮಿಷವನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ತಗಡು ಮುಚ್ಚಿದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ಹೊರಗೆ ವರಾಂಡದಲ್ಲಿ ತಮ್ಮ, "ಅಕ್ಕ, ನಾಳೆ ಬಸ್ ಎಷ್ಟು ಗಂಟೆಗೆ?" ಎಂದು ಕೂಗಿ ಕೇಳಿದ.

ತಾಯಿ ಸೆರಗಿನಿಂದ ಮೂಗು ಒರೆಸಿಕೊಂಡು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದು ಸಲ ಹೇಳಿ ಅತ್ತಿಗೆ," ಎಂದಳು. "ಒಂಬತ್ತು ಗಂಟೆಯಿಂದ."