ಮೇಸ್ತ್ರಮ್ಮನ ಮೊದಲ ಮನೆ

ಗಂಡ ಕಟ್ಟಡದ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಅವಳಿಗೆ ಐವತ್ತು ದಾಟಿತ್ತು. ಊರಿಗೆಲ್ಲ ಮನೆ ಕಟ್ಟಿಕೊಟ್ಟ ಮೇಸ್ತ್ರಿ ಅವನು. ಮದುವೆಯಾದಾಗಿನಿಂದ ಅವನ ಹಿಂದೆಯೇ ಗಾರೆಯ ಬಾಂಡ್ಲಿ ಹೊತ್ತವಳು ಅವಳು. ಅವನ ಸೊಂಟ ಮತ್ತೆ ಸರಿಹೋಗಲಿಲ್ಲ. ನಾಲಿಗೆ ಮಾತ್ರ ಕುಂಟಲಿಲ್ಲ.

ಕೆಲಸವಿಲ್ಲದೆ ಆಳುಗಳು ಒಬ್ಬೊಬ್ಬರಾಗಿ ಚದುರುತ್ತಿದ್ದಾಗ, ನಿವೃತ್ತ ಟೀಚರೊಬ್ಬರು ಮನೆ ಕಟ್ಟಿಸಬೇಕೆಂದು ಹುಡುಕಿಕೊಂಡು ಬಂದರು. ಮಂಚ ಹಿಡಿದವನನ್ನು ನೋಡಿ ಪೆಚ್ಚಾಗಿ ಹೊರಟವರನ್ನು ಅವಳು ಬಾಗಿಲಲ್ಲೇ ತಡೆದಳು.

“ನಾನು ಕಟ್ಟಿಕೊಡ್ತೀನಿ, ಟೀಚರ್.”

ಒಳಗಿಂದ ಗಂಡ ನಕ್ಕ. “ಕಟ್ಟಲಿ ಬಿಡಿ. ನಾನು ಇಲ್ಲಿಂದ ಹೇಳ್ತೀನಿ, ಅವಳು ಅಲ್ಲಿ ಮಾಡ್ತಾಳೆ.”

ಮೊದಮೊದಲು ಹಾಗೇ ನಡೆಯಿತು. ಬೆಳಿಗ್ಗೆ ಅವನ ಮೈ ಒರೆಸಿ, ಊಟ ಕೈಗೆಟುಕುವಂತೆ ಇಟ್ಟು, ಅವನ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಹೋಗುತ್ತಿದ್ದಳು. ಮೇಸ್ತ್ರಿಯ ಜಾಗದಲ್ಲಿ ನಿಂತವಳು ಈಗ ಬಾಂಡ್ಲಿ ಹೊರುವಂತಿರಲಿಲ್ಲ; ಖಾಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಸೊಂಟದ ಮೇಲಿಟ್ಟುಕೊಂಡು ನಿಲ್ಲುತ್ತಿದ್ದಳು.

ಪಾಯ ತೆಗೆಯುವಾಗ ಹಿಂದಿನ ಮೂಲೆಯ ಮಣ್ಣು ಕುಸಿಯಿತು. ಯಾವತ್ತೋ ಅಲ್ಲಿ ಗುಂಡಿ ಮುಚ್ಚಿದ್ದರು. ಗಂಡ ಹೇಳಿದ ಆಳ ಸಾಲುವಂತಿರಲಿಲ್ಲ. ಗಟ್ಟಿ ನೆಲ ಸಿಗುವ ತನಕ ಅಗೆಸಿದಳು. ಮನೆಗೆ ಹೋಗಿ ತಾನೇ ಹೇಳಬೇಕೆಂದುಕೊಂಡಿದ್ದಳು. ಅಷ್ಟರಲ್ಲಿ ಕಂಬಿ ಕಟ್ಟುವ ಮೈದುನ ತಮಾಷೆಗೆಂದು ಗಂಡನ ಕಿವಿಗೆ ಊದಿಬಿಟ್ಟಿದ್ದ. “ಅಣ್ಣಾ, ಅತ್ತಿಗೆ ನಿನ್ನ ಮಾತಿಗೇ ಮಣ್ಣು ಹಾಕಿದ್ರು!”

ಅವಳು ಚಪ್ಪಲಿ ಬಿಡುವ ಮೊದಲೇ ಗಂಡ ಕೇಳಿದ. “ಮೇಸ್ತ್ರಿ ಯಾರು? ನಾನಾ, ನೀನಾ?”

‘ನೀವೇ’ ಅಂದಿದ್ದರೆ ಮುಗಿಯುತ್ತಿತ್ತು. ಸಂಸಾರ ಪೂರ್ತಿ ಹಾಗೇ ಅಂದುಕೊಂಡು ಬಂದವಳೇ. ಅಂದು ಮೈಯೆಲ್ಲ ನೋಯುತ್ತಿತ್ತು.

“ಅಲ್ಲಿ ನಿಂತಿದ್ದೋಳು ನಾನಲ್ವಾ?”

ಅವನು ಗೋಡೆಯ ಕಡೆ ಮಗ್ಗುಲಾದ. ಅಂದಿನಿಂದ ಅವಳೊಡನೆ ಮಾತು ಬಿಟ್ಟ. ನೀರು ಬೇಕಾದರೆ ಲೋಟ ಕುಟ್ಟುತ್ತಿದ್ದ.

ಗೋಡೆ ಎದ್ದಿತು, ಆಳುಗಳು ‘ಮೇಸ್ತ್ರಮ್ಮ’ ಎಂದು ಕರೆಯತೊಡಗಿದರು. ದಿನವೂ ಬಂದು ಅವನ ಬೆನ್ನಿಗೆ ವರದಿ ಒಪ್ಪಿಸುತ್ತಿದ್ದಳು. “ಇವತ್ತು ತಾರಸಿಗೆ ಮೋಲ್ಡ್ ಹಾಕಿದ್ವು. ಮೋಡ ಇತ್ತು, ಸದ್ಯ ಮಳೆ ಬರಲಿಲ್ಲ.” ಬೆನ್ನು ಅಲುಗುತ್ತಿರಲಿಲ್ಲ.

ಮನೆ ಮುಗಿದಾಗ, ತಪ್ಪಿನ ಭಾರ ಹೊತ್ತಿದ್ದ ಮೈದುನ ಹಠ ಹಿಡಿದು ಅಣ್ಣನನ್ನು ಆಟೋದಲ್ಲಿ ಕರೆತಂದ. ಟೀಚರ್ ಕುರ್ಚಿ ಹಾಕಿದರೂ ಅವನು ಕೂರಲಿಲ್ಲ. ತಮ್ಮನ ಹೆಗಲಿಗೆ ಜೋತುಬಿದ್ದು ಹಿಂದಿನ ಮೂಲೆಗೆ ಹೋಗಿ, ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದ. ಅಂಗೈಯಲ್ಲಿ ಸವರಿದ. ಅವಳು ಹಿಂದೆಯೇ ಹೋಗಿ ನಿಂತಿದ್ದಳು. ಬೈಗುಳವಾದರೂ ಸರಿ, ಒಂದು ಮಾತು ಬರಲಿ.

“ಮನೆಗೆ ಹೋಗೋಣ,” ಎಂದ ಅವನು, ತಮ್ಮನಿಗೆ.

ಆ ಚಳಿಗಾಲವನ್ನು ಅವನು ದಾಟಲಿಲ್ಲ. ಎದೆಯಲ್ಲಿ ಕಫ ಕಟ್ಟಿತು. ಕೊನೆಗೆ ಅವಳು ಚಮಚದಲ್ಲಿ ಹಾಲು ಹಿಡಿದರೆ ಬಾಯಿ ತೆರೆಯುತ್ತಿದ್ದ, ಅಷ್ಟಕ್ಕೇ.

ಟೀಚರ ತಂಗಿಯೂ ಮನೆ ಕಟ್ಟಿಸಲು ಅವಳನ್ನೇ ಕರೆದರು. ತಡಮಾಡದೆ ಒಪ್ಪಿಕೊಂಡಳು. “ಗಂಡ ಸತ್ತು ತಿಂಗಳಾಗಿಲ್ಲ, ಕಲ್ಲೆದೆ ಕಣೇ ಇವಳದು,” ಎಂದು ನೆರೆಯವರು ಆಡಿಕೊಂಡದ್ದು ಅವಳ ಕಿವಿಗೂ ಬಿತ್ತು. ಮನೆಯಲ್ಲಿನ ಮೌನ ಅವಳಿಗೆ ಹೊಸದೇನಾಗಿರಲಿಲ್ಲ; ಆದರೆ ಮೊದಲು ಅದು ಎಂದಾದರೂ ಮುರಿದೀತೆಂಬ ಆಸೆಯಿತ್ತು. ಕೆಲಸದ ಜಾಗದಲ್ಲಾದರೆ ಜಲ್ಲಿ ಸುರಿಯುವ ಸದ್ದಿರುತ್ತಿತ್ತು. ಯಾರಾದರೂ ಏನಾದರೂ ಬೇಕೆಂದು ಕೂಗಿ ಕರೆಯುತ್ತಿದ್ದರು.