ಸೀರೆಯ ಆ ತುದಿ ಹಿಡಿದವನು

ಇಸ್ತ್ರಿಯವನು ತಂದಿಟ್ಟ ಗಂಟು ಬಿಚ್ಚಿದೆ, ಗಂಜಿಯ ವಾಸನೆ ಬಂತು. ಆ ಹುಳಿ ವಾಸನೆಗೆ ನೀವು ಮೂಗು ಮುಚ್ಚಿಕೊಳ್ಳುತ್ತೀರೇನೋ. ನಾನು ಗಂಟನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟೆ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಬೆಳೆದವಳು ನಾನು. ಆ ಓಣಿಯ ಗಾಳಿಗೂ ಯಾರೋ ಗಂಜಿ ಹಚ್ಚಿದಂತಿರುತ್ತಿತ್ತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಬಿ.ಎ. ಪಾಸಾದವಳು, ನಮ್ಮ ಮನೆತನದಲ್ಲಿ ಮೊದಲನೆಯವಳು. ಯಾರೂ ಕೇಳದಿದ್ದರೂ ಇದನ್ನು ಹೇಳುವುದು ನನ್ನ ಚಟ. ಕಾಯಿಪಲ್ಯೆ ಮಾರುವವಳಿಗೂ ಹೇಳಿದ್ದೇನೆ. ಅವಳು, "ಆಗಲೇಳ್ರಿ. ಬದನಿಕಾಯಿ ಎಷ್ಟ ಹಾಕ್ಲಿ?" ಎಂದಳು. ಈ ಒಣ ಜಂಬ ಬಿ.ಎ.ಯಿಂದ ಬಂದದ್ದೂ ಅಲ್ಲ. ಸಾಲಿಯ ನಾಲ್ಕನೇ ಇಯತ್ತೆಯಲ್ಲಿದ್ದಾಗಲೇ, ಆಯಿಗೆ ಮಾಸ್ತರಿಕೆ ಮಾಡುವ ಕಾಲಕ್ಕೇ ಹತ್ತಿಕೊಂಡಿತ್ತು.

ಆಯಿ ಎಂದರೆ ನನ್ನ ತಾಯಿಯ ತಾಯಿ. ಅಪ್ಪ ಅವ್ವ ಮುಧೋಳದಲ್ಲಿದ್ದರು, ನಾನು ಸಾಲಿಗೆಂದು ಆಯಿಯ ಮನೆಯಲ್ಲಿದ್ದೆ. ಇನ್ನೂ ರಾಜರ ಆಳಿಕೆಯ ದಿನಗಳು. ಅಜ್ಜ ಕ್ರಿಸ್ತನ ಮಾರ್ಗ ಹಿಡಿದು ದೀಕ್ಷಾಸ್ನಾನಕ್ಕೆ ಹೊರಟಾಗ ಆಯಿ ಜೊತೆಗೆ ಹೋಗಲಿಲ್ಲ. "ಮೊದಲ ನೀವು ಹೋಗಿ ನೋಡ್ರಿ. ಛಲೋ ಇದ್ರ ನಾ ಹಿಂದಿಂದ ಬರ್ತೇನಿ" ಎಂದಳಂತೆ, ಬಾಡಿಗೆ ಮನೆ ನೋಡಿ ಬರಲು ಕಳಿಸಿದ ಹಾಗೆ. ಅಜ್ಜ ನೋಡಿ ಬಂದು "ಛಲೋ ಐತಿ" ಎಂದರು. ಮರುವರ್ಷವೇ ತೀರಿಕೊಂಡರು.

ಆಮೇಲೆ ಆಯಿಯ ಪಾಡು ವಿಚಿತ್ರವಾಯಿತು. ಗಂಡ ಕಿರಿಸ್ತಾನನಾದನೆಂದು ಅವಳ ತವರಿನವರು ಲಗ್ನದ ಪಂಕ್ತಿಯಿಂದ ಎಬ್ಬಿಸಿದರು. ಇತ್ತ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಪ್ರಭುಭೋಜನದ ದಿನ ದೀಕ್ಷೆಯಾದವರು ಚಾಪೆಯ ಮೇಲೆ ಸಾಲಾಗಿ ಕೂತು ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುತ್ತಿದ್ದರು, ದೀಕ್ಷೆಯಾಗದ ಆಯಿ ಬಾಗಿಲ ಬಳಿ ಚಪ್ಪಲಿಗಳ ಜೊತೆ ನಿಲ್ಲುತ್ತಿದ್ದಳು. "ಅಲ್ಲಿ ಎಬ್ಬಿಸಿದ್ರು, ಇಲ್ಲಿ ಕುಂದರಸವಲ್ರು. ನಾ ಏನ್ ನಿಂತ ಸಾಯ್ಬೇಕೇನ? ಈ ಕ್ರಿಸ್ಮಸ್ಸಿಗೆ ಆ ಪಂಕ್ತ್ಯಾಗ ಕುಂದರಾಕ ಬೇಕು" ಎನ್ನುತ್ತಿದ್ದಳು. ಅದಕ್ಕೆ ಪಾದ್ರಿ ಸಾಹೇಬರ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಪ್ರಶ್ನೋತ್ತರ ಬಾಯಿಪಾಠ ಮಾಡಿಸಲು ನಾನಿದ್ದೆ.

"ದೇವರು ಎಲ್ಲಿದ್ದಾನೆ?" ಎಂದು ನಾನು ಕೇಳಬೇಕು. "ದೇವರು ಸರ್ವವ್ಯಾಪಿಯಾಗಿದ್ದಾನೆ" ಎಂದು ಅವಳು ಹೇಳಬೇಕು. ಆಯಿ ಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತಲೇ, "ಈಗೇನ? ಈಗ ಇಲ್ಲೇ ಅದಾನ ನೋಡು, ನೂಲ ಹರದದ್ದ ನೋಡಿ ಸುಮ್ಮನ ಕುಂತಾನ" ಎನ್ನುತ್ತಿದ್ದಳು. ನಾನು ಹಣೆ ಬಡಿದುಕೊಳ್ಳುತ್ತಿದ್ದೆ.

ಅವಳ ರೂಢಿಯೇ ಅದು, ದೇವರನ್ನು ಮನೆಯವನಂತೆ ಮಾತಾಡಿಸುವುದು. ನೀರಿಗೆ ಹೋಗುವಾಗ ಬಾಗಿಲಿಗೆ ಕೊಂಡಿ ಹಾಕದೆ, "ಇಲ್ಲೇ ಇರೋ ಯಪ್ಪಾ, ಬಂದೆ" ಎಂದು ಒಳಗೆ ಹೇಳಿ ಹೋಗುವಳು. ದೊಡ್ಡ ಕೆಲಸವೆಂದರೆ ಸೀರೆ ಮಡಚುವುದು. ಮಗ್ಗದಿಂದ ಇಳಿಸಿದ ಸೀರೆಗೆ ಇಬ್ಬರು ಬೇಕು, ಎರಡು ತುದಿ ಹಿಡಿದು ಜಗ್ಗಿ ಸುಕ್ಕು ತೆಗೆಯಲು. ಆ ತುದಿ ಹಿಡಿಯುತ್ತಿದ್ದವರು ಅಜ್ಜ. ನೀನಿದ್ದೆಯಲ್ಲ ಎನ್ನಬೇಡಿ. ನಾನು ಒಮ್ಮೆ ಸೀನು ಬಂದು ತುದಿ ಬಿಟ್ಟು, ಹೊಸ ಸೀರೆ ಗಂಜಿಯ ಬೋಗುಣಿಯಲ್ಲಿ ಮುಳುಗಿದ ಮೇಲೆ ನನ್ನನ್ನು ಆ ಹುದ್ದೆಯಿಂದ ತೆಗೆದುಹಾಕಲಾಗಿತ್ತು. ಆಯಿ ಆ ತುದಿಯನ್ನು ಗೋಡೆಯ ಗೂಟಕ್ಕೆ ಸುತ್ತಿ, "ಹಿಡಿಯೋ ಯಪ್ಪಾ, ಸಡಲ ಬಿಡಬ್ಯಾಡ" ಎಂದು ಹೇಳಿ ಈಚೆಯಿಂದ ಜಗ್ಗುತ್ತಿದ್ದಳು.

ಪಕ್ಕದ ಮನೆಯ ಶಿವಕ್ಕ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ದೇವ್ರ ಭಾಳ ಛಲೋ ಬಿಡ ಯಕ್ಕಾ, ಸೀರಿ ಹಿಡೀತಾನ. ನಮ್ಮ ದೇವ್ರಿಗೆ ನಾವ ಸೀರಿ ಉಡಸಬೇಕು" ಎಂದು ಕಾಡಿಸುತ್ತಿದ್ದಳು.

"ನಮ್ಮವ ಬಡಿಗ್ಯಾನ ಮಗ ಬೇ. ದುಡದ ಗೊತ್ತೈತಿ ಅವಗ" ಎಂದು ಆಯಿ ತಿರುಗಿಸಿ ಕೊಡುತ್ತಿದ್ದಳು.

ಪಾದ್ರಿ ಸಾಹೇಬರು ಬಾಗಲಕೋಟೆ ಕಡೆಯವರು, ಒಳ್ಳೆಯವರು. ಗುಂಡಿ ಹಾಕಿದ ಬಿಳಿ ಕೋಟು, ಕೈಯಲ್ಲಿ ಛತ್ರಿ. ಪರೀಕ್ಷೆಗೆಂದು ಮನೆಗೇ ಬಂದರು. ಬಂದದ್ದು ಸರಿಯಾಗಿ ಆಯಿ ಗೂಟದ ಎದುರು ನಿಂತು, "ಬಿಗಿ ಹಿಡಿ ಯಪ್ಪಾ, ನಿನ್ನ ಬಿಟ್ರ ನನಗ ಯಾರದಾರ" ಎನ್ನುತ್ತಿರುವಾಗ. ಸಾಹೇಬರು ಗೂಟ ನೋಡಿದರು, ಆಯಿಯನ್ನು ನೋಡಿದರು. ಅವರ ಮುಖ ಬಿಳಿಚಿತು.

"ಅವ್ವಾ, ಏನ್ ಮಾಡಾಕತ್ತೀರಿ? ಕಟ್ಟಿಗಿಗೆ ಪ್ರಾರ್ಥನಾ ಮಾಡ್ತೀರಿ?"

"ಕಟ್ಟಿಗಿಗೆ ಯಾಕ್ರಿ ಸಾಹೇಬರ? ದೇವರಿಗೆ."

"ದೇವರಿಗೇ ಆದ್ರ ಗೂಟದ ಕಡೆ ಯಾಕ ಮಾರಿ ಮಾಡೀರಿ?"

"ಸೀರಿ ಆ ಕಡೇನ ಐತೆಲ್ರಿ!"

ಸಾಹೇಬರಿಗೆ ಒಪ್ಪಿಗೆಯಾಗಲಿಲ್ಲ. ಇದು ವಿಗ್ರಹಾರಾಧನೆಯ ಮೊದಲ ಮೆಟ್ಟಿಲು, ಈ ಗೂಟ ಇರುವ ತನಕ ದೀಕ್ಷೆಯ ಮಾತು ಬೇಡ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷ! ನನಗೆ ಅಳು ಬಂತು. ಆಯಿ ಅಳಲಿಲ್ಲ. "ನೀವು ಕುಂದರ್ರಿ, ಚಾ ಮಾಡ್ತೇನಿ" ಎಂದು ಕಂಬಳಿ ಹಾಸಿದಳು. ಆಮೇಲೆ ರುಬ್ಬುಗುಂಡು ತಂದು ಗೂಟಕ್ಕೆ ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ಬಡಿದು ಸಡಿಲಿಸಿ ಕಿತ್ತಳು. ಗೋಡೆಯ ಮಣ್ಣು ಸಾಹೇಬರ ಕೋಟಿನ ಮೇಲೆ ಉದುರಿತು. ಗೂಟವನ್ನು ಹಿಡಿದುಕೊಂಡು ಅಡುಗೆಮನೆಗೆ ಹೋದಳು.

ಸಾಹೇಬರು ಚಹಾ ಕುಡಿದರು, ಛಲೋ ಆಗಿದೆ ಎಂದೂ ಹೇಳಿದರು. ಗೂಟವೆಲ್ಲಿ ಎಂದು ಕೇಳಿದರು.

"ಅದನ್ನ ಉರಿಸೇ ಚಾ ಮಾಡಿದೆ. ಜಾಲಿ ಕಟ್ಟಿಗಿ, ಉರಿ ಛಲೋ ಬರ್ತೈತಿ. ಅದು ದೇವರಾಗಿದ್ರ ಸುಮ್ಮನ ಉರೀತಿತ್ತೇನ್ರಿ?"

ಗೋಡೆಯಾಚೆ ಶಿವಕ್ಕ ಕಿಸಕ್ಕೆಂದಳು. ಸಾಹೇಬರ ಬಾಯಲ್ಲಿದ್ದ ಗುಟುಕು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಅಷ್ಟರಲ್ಲಿ ಆಯಿ ಸೀರೆಯ ತುದಿ ತಂದು ಅವರ ಕೈಗೆ ಕೊಟ್ಟಳು.

"ಹಿಡೀರಿ. ಗೂಟ ಕೀಳಿಸಿದವರು ನೀವು. ಸಂಜಿಕ ಈ ಸೀರಿ ಅಂಗಡಿಗೆ ಮುಟ್ಟಬೇಕು."

ಪಾದ್ರಿಗಳು ಛತ್ರಿ ಮೂಲೆಗಿಟ್ಟು ಎದ್ದು ನಿಂತರು. ನಿಲ್ಲದೆ ಏನು ಮಾಡಿಯಾರು? ಆ ಉದ್ದ ಸೀರೆಯ ಒಂದು ತುದಿಯಲ್ಲಿ ಸಾಹೇಬರು, ಇನ್ನೊಂದು ತುದಿಯಲ್ಲಿ ಆಯಿ.

"ಜಗ್ಗೋ ಯಪ್ಪಾ!" ಎಂದಳು ಆಯಿ. ಸಾಹೇಬರು ಜೋರಾಗಿ ಜಗ್ಗಿದರು. ಆಯಿ ಎರಡು ಹೆಜ್ಜೆ ಮುಗ್ಗರಿಸಿದಳು.

"ನಿಮಗ ಅಂದಿಲ್ರಿ ಸಾಹೇಬರ. ನೀವು ಹಿಡದ ನಿಂದರ್ರಿ ಸಾಕು."

ಸಾಹೇಬರು ನಿಂತರು. ಆಯಿ ಕೊಡವಿ, ಮಡಚಿ, ಅವರ ಹತ್ತಿರ ಬಂದು ಅವರ ಕೈಯ ತುದಿಯನ್ನೂ ತೆಗೆದುಕೊಂಡು, ಮಡಿಕೆಯ ಹೊಸ ತುದಿಯನ್ನು ಕೊಟ್ಟು ಹಿಂದೆ ಸರಿದಳು. ಮತ್ತೆ ಬಂದಳು, ಮತ್ತೆ ಸರಿದಳು. ಸಾಹೇಬರು ಮೊದಮೊದಲು ಬಾಗಿಲ ಕಡೆ ನೋಡುತ್ತಿದ್ದರು, ಯಾರಾದರೂ ಕಂಡಾರೆಂದು. ಆಮೇಲೆ ನೋಡುವುದನ್ನು ಬಿಟ್ಟರು. ಎಡ ಮೂಲೆ ಇಳಿದಿದೆ ಎಂದು ತಾವೇ ಸರಿಪಡಿಸಿಕೊಂಡರು.

ಕೊನೆಯ ಮಡಿಕೆಗೆ ಬಂದಾಗ, ಮಾತು ತೆಗೆಯಬೇಕೆಂದೋ ಏನೋ, ಮೆಲ್ಲಗೆ ಕೇಳಿದರು, "ಅವ್ವಾ, ದೇವರು ಎಲ್ಲಿದ್ದಾನ?"

ನಾನು ಆಯಿಯ ಹಿಂದಿನಿಂದ ತುಟಿ ಅಲ್ಲಾಡಿಸಿದೆ: ಸರ್ವವ್ಯಾಪಿ, ಸರ್ವವ್ಯಾಪಿ.

ಆಯಿ ಅವರ ಕೈ ನೋಡಿದಳು. "ಇವತ್ತ ನಿಮ್ಮ ಕೈಯಾಗ ಅದಾನ್ರಿ. ಆದ್ರ ಗೂಟದಷ್ಟ ಬಿಗಿ ಇಲ್ಲ."

ನಾನು ಕಣ್ಣು ಮುಚ್ಚಿಕೊಂಡೆ, ಹೋಯಿತು ಪರೀಕ್ಷೆ ಎಂದು. ಸಾಹೇಬರು ಸೀರೆಯನ್ನು ಆಯಿಗೊಪ್ಪಿಸಿ ಕೋಟಿನ ಮಣ್ಣು ಕೊಡವಿದರು, ಕೊಡವುತ್ತ ಕೊಡವುತ್ತ ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು. ಕಣ್ಣೊರೆಸಿಕೊಂಡು, "ಭಾನುವಾರ ದೀಕ್ಷಾಸ್ನಾನಕ್ಕ ಬಿಳಿ ಸೀರಿ ಉಟ್ಟ ಬರ್ರಿ" ಎಂದಷ್ಟೇ ಹೇಳಿ ಹೋದರು. ಛತ್ರಿ ಮರೆತು ಹೋದರು.

ಕ್ರಿಸ್ಮಸ್ಸಿನ ದಿನ ಆಯಿ ಪಂಕ್ತಿಯಲ್ಲಿ ಕೂತಳು, ಸೊಂಟ ನೆಟ್ಟಗೆ ಮಾಡಿಕೊಂಡು, ಲಗ್ನದಲ್ಲಿ ಬೀಗತಿ ಕೂತಂತೆ. ರೊಟ್ಟಿಯ ಚೂರು ಕೈಗೆ ಬಂದಾಗ ಪಕ್ಕದವಳಿಗೆ ಕೇಳಿಸುವಷ್ಟು ಜೋರಾಗಿ, "ಅವರು ಹೇಳಿದ್ದು ಖರೆ ಐತಿ, ಛಲೋ ಐತಿ" ಎಂದಳು. ಅಜ್ಜನಿಗೆ ಕೊಟ್ಟ ಉತ್ತರ ಅದು ಎಂದು ತಿಳಿದದ್ದು ನನಗೊಬ್ಬಳಿಗೇ ಇರಬೇಕು.

ನಾನು ಮುಂದೆ ಓದಿದೆ, ಬೋರ್ಡಿಂಗಿನ ನೀರುಸಾರು ಉಂಡು, ಹಳೆಯ ಪುಸ್ತಕ ಎರವಲು ತಂದು ಬಿ.ಎ. ಮಾಡಿದೆ. ಪ್ರಾರ್ಥನೆಯನ್ನು ಎಂದೂ ಬಿಟ್ಟಿಲ್ಲ. ಆದರೆ ನನ್ನ ಪ್ರಾರ್ಥನೆ ಅಚ್ಚುಕಟ್ಟಾದದ್ದು: "ಸರ್ವಶಕ್ತನಾದ ಕರ್ತನೇ" ಎಂದು ಶುರುವಾಗಿ "ಆಮೆನ್" ಎಂದು ಮುಗಿಯುವ, ಸರಕಾರಕ್ಕೆ ಬರೆದ ಅರ್ಜಿಯಂಥದು.

ಇಂದು ಗಂಟು ಮಡಿಲಲ್ಲಿಟ್ಟುಕೊಂಡು ಇಷ್ಟೆಲ್ಲ ನೆನೆಯುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ಒಲೆಯ ಮೇಲೆ ಹಾಲಿತ್ತು, ಮನೆಯಲ್ಲಿ ಬೇರೆ ಯಾರೂ ಇಲ್ಲ. ಏನನ್ನಿಸಿತೋ, "ಸ್ವಲ್ಪ ಹಾಲ ನೋಡೋ ಯಪ್ಪಾ" ಎಂದು ಹೇಳಿ ಹೋದೆ. ಬಂದು ನೋಡುತ್ತೇನೆ, ಅರ್ಧ ಹಾಲು ಉಕ್ಕಿ ಒಲೆಯ ಪಾಲಾಗಿದೆ.

ನನಗೆ ಸಿಟ್ಟು ಬಂತು. ಆಯಿ ಹೇಳಿದರೆ ನೀನು ವರ್ಷಗಟ್ಟಲೆ ಸೀರೆ ಹಿಡಿದು ನಿಲ್ಲುತ್ತಿದ್ದೆ, ನನ್ನ ಒಂದು ಪಾವು ಹಾಲು ನೋಡಲು ಆಗಲಿಲ್ಲವೇನು, ಬಿ.ಎ. ಓದಿದವಳು ಎಂದು ದೂರ ಇಟ್ಟಿದ್ದೀಯಾ ಎಂದು ಕೇಳಿದೆ. ಅರಿವೆ ಹಿಂಡುತ್ತ ಬೈದೆ, ಒಲೆ ಒರೆಸುತ್ತ ಬೈದೆ, ನಡುನಡುವೆ ನಗು ಬಂದರೂ ಬಿಡಲಿಲ್ಲ. ಒಲೆ ಸ್ವಚ್ಛವಾದ ಮೇಲೆ ಲಕ್ಷ್ಯಕ್ಕೆ ಬಂತು: ಅಷ್ಟು ಹೊತ್ತು ನಾನು ದೇವರ ಜೊತೆ ಹಿಂದೆಂದೂ ಮಾತಾಡಿದ್ದಿಲ್ಲ.