ಚೆಂಬೂರಿನ ಮರದ ಕಲ್ಲುಹೂವು

ಮಾನ್ಯ ವಸುಧಾ ಅವರಿಗೆ,

ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ, ಸಂಶೋಧನಾ ಸಹಾಯಕರ ಹುದ್ದೆಯ ಸಂದರ್ಶನದಲ್ಲಿ ನನ್ನದೆಂದು ನಾನು ಮಂಡಿಸಿದ ವಿಚಾರ ನನ್ನದಾಗಿರಲಿಲ್ಲ. ಅದು ತಮ್ಮದು. ತಮಗಿದು ತಿಳಿದೇ ಇದೆ. ಆದರೂ ಈ ಮಾತು ನನ್ನ ಕೈಯಿಂದ ಬರಬೇಕಾಗಿತ್ತು — ಇಷ್ಟು ವರ್ಷ ಬರಲಿಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಓದಿದವರನ್ನು ‘ನೀನು’ ಎನ್ನಲು ಈಗ ಧೈರ್ಯ ಸಾಲದು. ‘ತಾವು’ ಎಂದೇ ಬರೆಯುತ್ತಿದ್ದೇನೆ.

ಎಂ.ಎಸ್ಸಿ. ಮುಗಿದ ಮೇಲೆ ನಾವಿಬ್ಬರೂ ಕೆಲಸಕ್ಕಾಗಿ ಅಲೆದ ವಿಷಯ ತಮಗೆ ವಿದಿತ. ಹೋದಲ್ಲೆಲ್ಲ ಅನುಭವ ಕೇಳುತ್ತಿದ್ದರು. ಅದನ್ನು ಗಳಿಸಲು ಯಾರೂ ಒಳಗೆ ಬಿಡುತ್ತಿರಲಿಲ್ಲ. ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಚೆಂಬೂರು ಸ್ಟೇಷನ್ನಿಗೆ ನಡೆಯುತ್ತಿದ್ದಾಗ, ತಾವು ಒಂದು ಮರದೆದುರು ನಿಂತು ಭೂತಗನ್ನಡಿಯನ್ನು ನನ್ನ ಕೈಗಿತ್ತಿರಿ. ಸುಣ್ಣದ ಕಲೆಯೆಂದು ನಾನು ದಿನವೂ ದಾಟಿಹೋಗುತ್ತಿದ್ದ ತೊಗಟೆಯ ಮೇಲೆ — ಬೂದು ಹಸಿರಿನ ದ್ವೀಪಗಳು, ಅವುಗಳ ಸುಕ್ಕುಗಟ್ಟಿದ ಅಂಚುಗಳು, ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಬಟ್ಟಲುಗಳು. ಲೋಕಲ್ ತಪ್ಪಿತು. ನನಗೆ ಅದರ ಪರಿವೆಯೇ ಇರಲಿಲ್ಲ.

"ಅಮ್ಮನ ಮಸಾಲೆ ಡಬ್ಬೀಲಿರೋ ಕಲ್ಲುಹೂವಿನ ನೆಂಟರು ಕಣೆ ಇವು," ಎಂದಿರಿ. "ಶಿಲೀಂಧ್ರ ಮನೆ ಕಟ್ಟತ್ತೆ, ಪಾಚಿ ಅಡುಗೆ ಮಾಡತ್ತೆ. ಮುಂಬೈಲಿ ಡಿಪಾಸಿಟ್ ಇಲ್ದೆ ಸಂಸಾರ ಹೂಡಿರೋರು ಇವರಿಬ್ರೇ."

ರಸ್ತೆಯ ಬದಿಯ ತೊಗಟೆ ಬರಿದಾಗಿತ್ತು; ಕಾಲೊನಿಯ ಬದಿಯಲ್ಲಿ ಮಾತ್ರ ಅವು ಬೆಳೆದಿದ್ದವು. ಹೊಗೆ ತಾಗಿದಲ್ಲಿ ಇವು ಬೆಳೆಯುವುದಿಲ್ಲ, ಹಾಗಾಗಿ ವಾಹನಗಳ ಹೊಗೆಯನ್ನು ಮರಗಳ ಮೇಲೆಯೇ ಓದಬಹುದೇನೋ ಎಂಬುದು ತಮ್ಮ ಊಹೆ. ರಸ್ತೆಯ ಬದಿಗೆ ಮಧ್ಯಾಹ್ನದ ಬಿಸಿಲೂ ಬೀಳುತ್ತದೆ, ಅದನ್ನೂ ಪರೀಕ್ಷಿಸಬೇಕು ಎಂದು ಸೇರಿಸಿದ್ದಿರಿ. ಸಂದರ್ಶನದಲ್ಲಿ ಇದನ್ನೇ ಹೇಳುವುದಾಗಿಯೂ ತಿಳಿಸಿದ್ದಿರಿ.

ಇದ್ದದ್ದು ಒಂದೇ ಹುದ್ದೆ. ನನ್ನನ್ನು ಮೊದಲು ಕರೆದರು. ಯಾವ ವಿಷಯದಲ್ಲಿ ಸಂಶೋಧನೆ ಮಾಡಬಯಸುವಿರಿ ಎಂದು ಕೇಳಿದಾಗ ನನ್ನಲ್ಲಿ ಏನೂ ಇರಲಿಲ್ಲ — ಆ ಮರವೊಂದನ್ನು ಬಿಟ್ಟು. ಹೇಳಿಬಿಟ್ಟೆ. ಊಹೆಯೆನ್ನಲಿಲ್ಲ, ಖಚಿತವೆಂದೆ.

ನನ್ನ ನಂತರ ಒಳಹೋದ ತಾವು ಬೇಗನೆ ಹೊರಬಂದಿರಿ. ಈಗಷ್ಟೇ ಹೋದವರೂ ಇದನ್ನೇ ಹೇಳಿದರು, ಬೇರೇನಾದರೂ ಇದೆಯೇ ಎಂದು ಸಂದರ್ಶಕರು ಕೇಳಿದರಂತೆ. ಬೈಯುವಿರೆಂದು ಕಾದೆ. ತಾವು ಕೇಳಿದ್ದು ಇಷ್ಟೇ:

"ಬಿಸಿಲಿಂದಾನೂ ಹಾಗಾಗಿರಬಹುದು ಅಂತ ನೀನು ಒಳಗೆ ಹೇಳಿದೆ ತಾನೆ? ಅದು ಬಿಟ್ರೆ ತಪ್ಪಾಗತ್ತೆ ಕಣೆ."

ನಾನು ಹೌದೆಂದು ತಲೆಯಾಡಿಸಿದೆ.

ಹುದ್ದೆ ನನಗಾಯಿತು. ತಾವು ಮಾಟುಂಗದ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳುತ್ತಿರುವಿರೆಂದು ಕೇಳಿದ್ದೇನೆ. ಇಲ್ಲಿ ಸೂಕ್ಷ್ಮದರ್ಶಕದಡಿ ಶಿಲೀಂಧ್ರದ ಎಳೆಗಳು ಹಸಿರು ಕಣಗಳನ್ನು ತಬ್ಬಿ ಹಿಡಿದಿರುವುದನ್ನು ಕಂಡಾಗಲೆಲ್ಲ ಆ ಬೆಳಗಿನ ಬೆರಗೇ ಮರಳುತ್ತದೆ. ಅದಕ್ಕಿಂತ ದೊಡ್ಡ ಬೆರಗು ತಮ್ಮ ಆ ಪ್ರಶ್ನೆ. ಕೈಯಲ್ಲಿದ್ದುದೆಲ್ಲ ಹೋದ ಗಳಿಗೆಯಲ್ಲೂ, ಒಂದು ಮರದ ಬಗ್ಗೆ ತಪ್ಪು ಮಾತು ಉಳಿಯಬಾರದೆಂಬ ಚಿಂತೆ ತಮಗೆ... ಸಂಶೋಧಕಿ ಎಂಬ ಪದವನ್ನು ನಾನು ಯಾವ ಮುಖದಿಂದ —

ಇಂದು ಬೆಳಿಗ್ಗೆ ನಮ್ಮ ಮುಖ್ಯಸ್ಥರಿಗೆ ಎಲ್ಲವನ್ನೂ ತಿಳಿಸಿರುತ್ತೇನೆ. ಅವರ ತೀರ್ಮಾನ ಏನೇ ಇರಲಿ, ಅದಕ್ಕೆ ಬದ್ಧಳಾಗಿರುತ್ತೇನೆ.

ಬಿಸಿಲಿನ ಕುರಿತ ತಮ್ಮ ಪ್ರಶ್ನೆಗೆ ನನ್ನಿಂದ ಸರಿಯಾದ ಉತ್ತರ ಬಂದಿರುವುದಿಲ್ಲ. ಅದನ್ನು ಇಲ್ಲಿ ಸಲ್ಲಿಸುತ್ತಿದ್ದೇನೆ.

ಇಲ್ಲ ಕಣೆ. ಹೇಳಿರಲಿಲ್ಲ.